ಟವಲಿನ ಕೆಳಗೆ ಹಿಡಿದ ನಾಲ್ಕು ಬೆರಳು

ನನ್ನ ತಂಗಿ ಮೊದಲ ಸಲ ಕಾರು ಕೊಳ್ಳಲು ಹೊರಟಾಗ ರೇಟು ಮಾತಾಡಲೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ನಾನು ಮಾತಾಡಲಿಲ್ಲ. ಮಾರುವವರು ಕೇಳಿದ ರೇಟಿನಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಬಾರದೆ ಅಲ್ಲ, ಬೇಕೆಂದೇ ಇಳಿಸಲಿಲ್ಲ. ಆಮೇಲೆ, ಇಳಿಸಿದ್ದೇನೆ ಎಂದು ಅವಳಿಗೆ ಸುಳ್ಳು ಹೇಳಿದೆ.

ಚೌಕಾಸಿ ಮಾಡಿಯೇ ಅನ್ನ ತಿನ್ನುವವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಬೇರೆ ವಿದ್ಯೆ ಕಲಿಯಲಿಲ್ಲ. ಬೈರಾಪಟ್ಟಣದ ಸುತ್ತಮುತ್ತ ತೆಂಗಿನ ತೋಟಗಳನ್ನು ಎಳನೀರಿಗೆ ಗುತ್ತಿಗೆ ಹಿಡಿದು, ಗೊನೆ ಇಳಿಸಿ, ಲಗೇಜ್ ಆಟೋದಲ್ಲಿ ತುಂಬಿಕೊಂಡು ಚನ್ನಪಟ್ಟಣ, ರಾಮನಗರದ ಅಂಗಡಿಗಳಿಗೆ ಹಾಕುತ್ತೇನೆ. ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಆ ತೋಟ ಎಷ್ಟು ಬಾಳುತ್ತದೆ ಎಂದು ತಿಳಿಯುತ್ತದೆ. ತೋಟದವರು ಹೇಳಿದ ರೇಟನ್ನು ಕೇಳಿ ನಕ್ಕು, ಚಪ್ಪಲಿ ಮೆಟ್ಟಿ ಹೊರಟಂತೆ ಮಾಡಿ, ಅವರೇ ಕೂಗಿ ಕರೆಯುವ ಹಾಗೆ ಮಾಡುವುದು ನನಗೆ ಬರುತ್ತದೆ.

ಇದನ್ನು ಕಲಿಸಿದ್ದು ನಮ್ಮಪ್ಪ. ಅವನು ಎತ್ತಿನ ದಳ್ಳಾಳಿ. ದನದ ವ್ಯಾಪಾರದಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನು, ಕೊಳ್ಳುವವನು ಇಬ್ಬರೂ ಕೈ ಕೊಡುತ್ತಾರೆ, ಮೇಲೆ ಟವಲು ಹೊದಿಸುತ್ತಾರೆ. ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಹೆಚ್ಚಾಯಿತು ಅನ್ನಿಸಿದರೆ ಎದುರಿನವನು ಹಿಡಿದ ಬೆರಳುಗಳಲ್ಲಿ ಒಂದನ್ನೋ ಎರಡನ್ನೋ ಮಡಚಿ ಹಿಂದಕ್ಕೆ ತಳ್ಳುವುದು. ಅದಕ್ಕೆ ಬೆರಳು ಮುರಿಯುವುದು ಅನ್ನುತ್ತಿದ್ದ ನಮ್ಮಪ್ಪ. ಒಪ್ಪಿದರೆ ಕೈ ಕುಲುಕುವುದು. ಸುತ್ತ ಎಷ್ಟು ಜನ ನಿಂತಿದ್ದರೂ ಒಳಗೆ ಏನು ನಡೆಯಿತೆಂದು ಆ ಎರಡು ಕೈಗಳಿಗೆ ಬಿಟ್ಟು ಇನ್ನಾರಿಗೂ ಗೊತ್ತಾಗುವುದಿಲ್ಲ.

ಅಪ್ಪ ಇನ್ನೊಂದು ಮಾತನ್ನೂ ಹೇಳುತ್ತಿದ್ದ. "ವ್ಯಾಪಾರ ಮುಗಿಯೋಗಂಟ ಅವರ ಹಟ್ಟೀಲಿ ನೀರೂ ಮುಟ್ಬ್ಯಾಡ ಕಣ್ಲಾ. ಉಂಡ ಬಾಯಿ ಕಮ್ಮಿ ಕೇಳಕ್ಕಿಲ್ಲ." ಎಳನೀರಿನ ತೋಟಗಳಿಗೆ ಹೋದಾಗಲೂ ನಾನು ಹಾಗೇ ನಡೆದುಕೊಂಡಿದ್ದೆ, ಮಜ್ಜಿಗೆ ಕೊಟ್ಟರೂ ಆಮೇಲೆ ಅನ್ನುತ್ತಿದ್ದೆ. ಆ ಒಂದು ದಿನ ಬಿಟ್ಟು.

ತಂಗಿಯನ್ನು ಚನ್ನಪಟ್ಟಣಕ್ಕೆ ಕೊಟ್ಟಿದೆ. ಗಂಡ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಚ್ಚುತ್ತಾನೆ. ಅವಳು ಮದುವಣಗಿತ್ತಿಯರಿಗೆ ಮೇಕಪ್ ಮಾಡುತ್ತಾಳೆ, ಸೀರೆ ಉಡಿಸುತ್ತಾಳೆ, ಮೊಗ್ಗಿನ ಜಡೆ ಹಾಕುತ್ತಾಳೆ. ಮೊದಲು ಪಕ್ಕದ ಬೀದಿಯ ಹುಡುಗಿಯರಿಗೆ ಮಾಡುತ್ತಿದ್ದಳು. ಆಮೇಲೆ ಕನಕಪುರ, ಮಾಗಡಿ ಕಡೆಯಿಂದಲೂ ಕರೆ ಬರತೊಡಗಿತು. ಕೆಲಸಕ್ಕೆ ಕೊರತೆಯಿರಲಿಲ್ಲ, ಹೋಗಿ ಬರುವುದೇ ಕಷ್ಟ. ಮುಹೂರ್ತ ಬೆಳಗಿನ ಜಾವದ್ದಾದರೆ ಹೆಣ್ಣನ್ನು ಅದಕ್ಕೂ ಮುಂಚೆ ಕೂರಿಸಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಹೆಣ್ಣಿನ ಮನೆಯವರು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಧಾರೆ ಮುಗಿದ ಮೇಲೆ ಅವಳ ನೆನಪು ಯಾರಿಗೂ ಇರುತ್ತಿರಲಿಲ್ಲ. ಎರಡು ದೊಡ್ಡ ಪೆಟ್ಟಿಗೆ ಹಿಡಿದುಕೊಂಡು ಛತ್ರದ ಗೇಟಿನಲ್ಲಿ ನಿಂತು, ಸಿಕ್ಕ ಆಟೋ ಹತ್ತಿ, ಬಸ್ಸು ಬದಲಿಸಿ ಮನೆ ಸೇರುತ್ತಿದ್ದಳು. "ಹೋಗೋವಾಗ ಮೇಡಮ್ಮು, ಬರೋವಾಗ ಯಾರವ್ವ ನೀನು ಅಂತಾರೆ ಕಣಣ್ಣ" ಎಂದು ನಗುತ್ತಿದ್ದಳು.

ಹಾಗಾಗಿ ಡ್ರೈವಿಂಗ್ ಕಲಿತಳು. ನಮ್ಮ ಮನೆತನದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಂಗಸು ಅವಳೇ. ಲೈಸೆನ್ಸ್ ಬಂದ ದಿನ ನನಗೆ ಫೋನ್ ಮಾಡಿದಳು.

"ಇನ್ಮೇಲೆ ನಿನ್ ಲಗೇಜ್ ಆಟೋ ನಾನೇ ಓಡಿಸ್ತೀನಿ, ನೀನು ಹಿಂದೆ ಎಳನೀರು ಮೇಲೆ ಕುಂತ್ಕೋ" ಅಂದಳು.

"ನನ್ ಎಳನೀರು ಮೋರೀಲಿ ತೇಲ್ತವೆ ಬುಡು" ಅಂದೆ.

ಚೀಟಿ ಎತ್ತಿದ ದುಡ್ಡು, ತಾನೇ ಕೂಡಿಟ್ಟ ದುಡ್ಡು ಎಲ್ಲ ಸೇರಿ ಎರಡು ಲಕ್ಷ ನಲವತ್ತು ಸಾವಿರ ಆಗಿತ್ತು. ವಿರೂಪಾಕ್ಷಿಪುರದ ಕಡೆ ಒಬ್ಬರು ತಮ್ಮ ಸಣ್ಣ ಕಾರು ಮಾರುತ್ತಾರಂತೆ ಎಂದು ಯಾರೋ ಮದುವೆಯವರು ಹೇಳಿದ್ದರು. ನನ್ನ ಆಟೋದಲ್ಲೇ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ನನಗೆ ಪಾಠ ಹೇಳಿಕೊಟ್ಟಳು.

"ಎರಡು ಹತ್ತು. ಅದ್ರ ಮೇಲೆ ಹೋದ್ರೆ ಎದ್ದು ಬಂದ್ಬುಡಾನ. ಉಳಿದಿದ್ದು ಮೆಕ್ಯಾನಿಕ್‌ಗೆ. ಹಳೇ ಗಾಡಿ ತಗಂಡ್ರೆ ಒಂದ್ಸಲ ಪೂರ್ತಿ ಬಿಚ್ಚಿ ನೋಡ್ಸಬೇಕು, ಟೈರು ಹಾಕಿಸಬೇಕು ಅಂತ ನಿಮ್ ಬಾವ ಹೇಳವ್ರೆ. ಮುಹೂರ್ತಕ್ಕೆ ಹೋಗೋ ಗಾಡಿ, ದಾರೀಲಿ ನಿಂತ್ರೆ ನನ್ ಕತೆ ಮುಗೀತು."

"ನಂಗೆ ಹೇಳ್ಕೊಡ್ಬ್ಯಾಡ ಕಣಮ್ಮಿ. ದಳ್ಳಾಳಿ ಮಗ ನಾನು" ಅಂದೆ.

"ನಾನೇನು ದಳ್ಳಾಳಿ ಮಗಳಲ್ವಾ? ನಾನು ಬಾಯಿ ಬುಟ್ರೆ ಹೆಂಗ್ಸು ಅಂತ ಮೇಲಕ್ಕೆ ಹತ್ತುತ್ತಾರೆ, ಅದಕ್ಕೇ ನಿನ್ನ ಕರ್ಕಂಡು ಹೋಯ್ತಿರೋದು."

ಮನೆ ಮುಂದೆ ಆಟೋ ನಿಲ್ಲಿಸಿದಾಗಲೇ ಗುರುತು ಹತ್ತಿತು. ಆ ಮನೆಯ ಹಿಂದಿನ ತೋಟ ನನಗೆ ಗೊತ್ತಿತ್ತು. ನೀರಾವರಿ ತೋಟ, ರಸ್ತೆಗೆ ಹತ್ತಿರ, ಮರಗಳೆಲ್ಲ ಕೈಗೆಟುಕುವ ಹಾಗೆ ಗಿಡ್ಡ. ಆ ಕಡೆ ಹೋದಾಗಲೆಲ್ಲ ಆಟೋ ನಿಧಾನ ಮಾಡಿ ನೋಡುತ್ತಿದ್ದೆ. ಅಂಥ ಒಂದು ತೋಟ ಕೈಗೆ ಸಿಕ್ಕರೆ ವರ್ಷವಿಡೀ ಬೇರೆಲ್ಲೂ ಅಲೆಯುವುದು ಬೇಡ ಅಂದುಕೊಳ್ಳುತ್ತಿದ್ದೆ. ತೋಟದ ಗೌಡರನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಈಗ ಅದೇ ಗೌಡರು ಜಗಲಿಯಿಂದ ಇಳಿದು ಬಂದರು. ವಯಸ್ಸಾದವರು, ಗಟ್ಟಿ ದನಿ.

ನನ್ನ ಮುಖ ನೋಡಿ, "ನೀನು ಆ ಎತ್ತಿನ ದಳ್ಳಾಳಿ ಮಗ ಅಲ್ವೇನ್ಲಾ? ಅದೇ ಮೂಗು!" ಅಂದರು. "ನಿಮ್ಮಪ್ಪನ ಕೈಲಿ ಎರಡು ಜೊತೆ ಎತ್ತು ತಗಂಡಿದ್ದೀನಿ ಕಣಯ್ಯ ನಾನು. ಬಾ, ಬಾ."

ಕಾರು ಹುಣಸೆ ಮರದ ಕೆಳಗಿತ್ತು. ಬೂದು ಬಣ್ಣ, ತೊಳೆದು ಫಳಫಳ ಅನ್ನುತ್ತಿತ್ತು. ನಾನು ಬಾನೆಟ್ ಎತ್ತಿಸಿದೆ. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಹಾಕಿದ ಗುರುತಿತ್ತು, ಬಣ್ಣ ಎದ್ದಿತ್ತು. ಅಂದರೆ ಯಾವಾಗಲೋ ಬಿಚ್ಚಿ ಹಾಕಿದ್ದಾರೆ. ಒಂದು ಕಡೆಯ ಹೆಡ್‌ಲೈಟು ಹಳದಿಗೆ ತಿರುಗಿದ್ದರೆ ಇನ್ನೊಂದು ಕಡೆಯದು ಹೊಸದರಂತೆ ತಿಳಿಯಾಗಿತ್ತು. ರೇಡಿಯೇಟರ್ ಹಿಡಿದಿರುವ ಪಟ್ಟಿಯಲ್ಲಿ ವೆಲ್ಡಿಂಗ್ ಕಾಣುತ್ತಿತ್ತು. ಮುಂದುಗಡೆ ಏಟು ಬಿದ್ದ ಗಾಡಿ. ಇದನ್ನೆಲ್ಲ ಒಂದೊಂದಾಗಿ ತೋರಿಸಿದರೆ ಎರಡು ಲಕ್ಷಕ್ಕೂ ಕೆಳಗೆ ಇಳಿಸಬಹುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ತಂಗಿ ಗಾಡಿಯನ್ನು ರಸ್ತೆಯವರೆಗೆ ಓಡಿಸಿ ತಂದಳು.

"ಒಸಿ ಎಡಕ್ಕೆ ಎಳೀತದೆ ಅಲ್ವಣ್ಣ?" ಎಂದು ಮೆಲ್ಲಗೆ ಕೇಳಿದಳು.

"ನೋಡಾನ ಇರು" ಅಂದೆ. ಆಗಿನ್ನೂ ನಾನು ಅವಳ ಕಡೆಯವನಾಗಿಯೇ ಇದ್ದೆ.

ಅಷ್ಟರಲ್ಲಿ ಗೌಡರು, "ರೇಟು ಗೀಟು ಆಮ್ಯಾಕೆ. ನೆನ್ನೆ ಹಬ್ಬ ಆಯ್ತು, ಈವತ್ತು ಬಾಡು ಮಾಡವ್ರೆ. ದಳ್ಳಾಳಿ ಮಗ ಬಂದು ಹಂಗೇ ಹೋದ ಅಂದ್ರೆ ನಂಗೆ ಮರ್ವಾದೆನಾ? ಕೈ ತೊಳ್ಕಳಿ" ಅಂದರು.

ತಂಗಿ ನನ್ನನ್ನು ನೋಡಿದಳು. ಅಪ್ಪನ ಮಾತು ಇಬ್ಬರಿಗೂ ಗೊತ್ತು. ಅವಳು ಗೌಡರ ಹೆಂಡತಿಗೆ, "ನಂದೊಂದು ಹರಕೆ ಐತೆ ಕಣಕ್ಕ, ಬಾಡು ಮುಟ್ಟಂಗಿಲ್ಲ" ಅಂದಳು. ಮಜ್ಜಿಗೆ ತಂದರೆ ಗಂಟಲು ಸರಿಯಿಲ್ಲ ಅಂದಳು. ಅವಳಿಗೆ ಹರಕೆಯೂ ಇರಲಿಲ್ಲ, ಗಂಟಲಿಗೂ ಏನೂ ಆಗಿರಲಿಲ್ಲ. ನಾನು ಕೈ ತೊಳೆದುಕೊಂಡೆ.

ಮುದ್ದೆ ಮುರಿಯುತ್ತಿದ್ದಾಗ ಗೌಡರು ತೋಟದ ಮಾತು ತೆಗೆದರು. "ಈಗ ತೋಟ ಹಿಡ್ದಿರೋನು ಸರಿಯಾಗಿ ಕುಯ್ಯಕ್ಕಿಲ್ಲ ಕಣ್ಲಾ. ಬಲ್ತಿದ್ದು ಎಳೇದು ಎಲ್ಲ ಒಟ್ಗೇ ಕೆಡವ್ತಾನೆ. ಈ ಸಲ ಬೇರೆ ಯಾರಿಗಾದ್ರೂ ಕೊಡ್ಬೇಕು. ನೀನೂ ಎಳನೀರು ಮಾಡ್ತೀಯಂತಲ್ಲ?"

"ಹೂಂ ಗೌಡ್ರೆ" ಅಂದೆ.

"ನೋಡಾನ, ಮಾತಾಡಾನ" ಅಂದರು.

ಅಷ್ಟೇ. ಕಾರಿಗೂ ತೋಟಕ್ಕೂ ಗಂಟು ಹಾಕುವ ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಗಂಟು ಹಾಕಿದವನು ನಾನು. ಕಾರಿನ ರೇಟಿನಲ್ಲಿ ಎಳೆದಾಡಿದರೆ ಈ ಮನುಷ್ಯ ನಾಳೆ ತೋಟ ಕೊಡುವಾಗ ನನ್ನನ್ನು ಜುಗ್ಗ ಅಂದುಕೊಂಡಾನು ಅನ್ನಿಸಿತು. ಇವತ್ತು ಉದಾರವಾಗಿ ಬಿಟ್ಟರೆ ನಾಳೆ ನೆನೆಸಿಕೊಂಡಾನು ಅನ್ನಿಸಿತು. ಉದಾರತನ ತೋರಿಸುತ್ತಿದ್ದದ್ದು ಯಾರ ದುಡ್ಡಿನಲ್ಲಿ ಎಂಬುದನ್ನು ಯೋಚಿಸಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಯೋಚಿಸಿದೆ. ತೋಟದ ಮೊದಲ ಕಟಾವಿನಲ್ಲಿ ಅವಳಿಗೆ ಹೇಗಾದರೂ ಸರಿಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಎಲೆ ಮಡಚಿ ಎದ್ದೆ.

ಜಗಲಿಗೆ ಬಂದ ಮೇಲೆ ಗೌಡರು ತಮ್ಮ ಹೆಗಲ ಟವಲು ತೆಗೆದು, "ನಿಮ್ಮಪ್ಪನ ಜೊತೆ ಹಿಂಗೇ ಮಾಡ್ತಿದ್ದದ್ದು. ಕೊಡ್ಲಾ ಕೈಯ" ಅಂದರು. ಅವರಿಗೆ ಅದೊಂದು ಹಳೆಯ ಖುಷಿ. "ಎರಡರ ಮೇಲೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎರಡು ಲಕ್ಷ ಇದ್ದೇ ಇದೆ, ಅದರ ಮೇಲೆ ಎಷ್ಟು ಹತ್ತು ಸಾವಿರ ಅನ್ನುವುದಷ್ಟೇ ಬೆರಳಿನ ಲೆಕ್ಕ ಎಂದರ್ಥ.

ತಂಗಿ ಕಂಬಕ್ಕೆ ಒರಗಿ ನಿಂತು ಆ ಟವಲನ್ನೇ ನೋಡುತ್ತಿದ್ದಳು. ಒಳಗೆ ಗೌಡರು ನನ್ನ ನಾಲ್ಕು ಬೆರಳು ಹಿಡಿದರು. ಹಿಡಿತ ಸಡಿಲವಾಗಿತ್ತು. ಮುರಿ ಎಂದು ಕೊಟ್ಟ ಬೆರಳುಗಳು ಅವು. ಇಷ್ಟು ವರ್ಷ ಕೈ ಕೊಟ್ಟವನಿಗೆ ಅಷ್ಟು ತಿಳಿಯುತ್ತದೆ. ಮೂರನ್ನು ಮಡಚಿ ತಳ್ಳಿದ್ದರೆ ಅವಳ ರೇಟಿಗೆ ಬರುತ್ತಿತ್ತು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೈ ಅಲುಗಾಡಿಸಿದೆ, ಹೊರಗಿನಿಂದ ನೋಡುವವರಿಗೆ ದೊಡ್ಡ ಎಳೆದಾಟ ನಡೆದಿದೆ ಅನ್ನಿಸಲಿ ಎಂದು. ಆಮೇಲೆ ನಾಲ್ಕನ್ನೂ ಹಾಗೇ ಹಿಡಿದು ಕುಲುಕಿಬಿಟ್ಟೆ. ಗೌಡರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಟವಲು ತೆಗೆದರು.

ತಂಗಿಯನ್ನು ಪಕ್ಕಕ್ಕೆ ಕರೆದು, "ಇಡೀ ಕೈ ಹಿಡ್ದಿದ್ರು ಕಣಮ್ಮಿ. ಐದು. ಒಂದು ಬೆರಳು ಮುರ್ದೆ. ಅದ್ರ ಕೆಳಗೆ ಅಲ್ಲಾಡ್ಲಿಲ್ಲ" ಅಂದೆ.

ಅವಳ ಮುಖ ಸ್ವಲ್ಪ ಬಾಡಿತು. ನಾವು ಎದ್ದು ಹೋಗಬೇಕಾದ ರೇಟು ಅದು. ಆದರೆ ಕೈ ಕುಲುಕಿಯಾಗಿತ್ತು, ಕುಲುಕಿದ ಮೇಲೆ ಹಿಂದೆ ಸರಿಯುವುದು ನಮ್ಮಲ್ಲಿ ಇಲ್ಲ. "ಎಡಕ್ಕೆ ಎಳೆಯೋದು?" ಅಂದಳು. "ಹಳೇ ಟೈರು, ಹಂಗೇ" ಅಂದೆ. ಅವಳು ತಲೆಯಾಡಿಸಿದಳು. "ಹೋಗ್ಲಿ ಬುಡು, ನೀನಿದ್ದಿದ್ದಕ್ಕೆ ಹತ್ತು ಸಾವಿರ ಉಳೀತು. ನಾನೊಬ್ಳೇ ಬಂದಿದ್ರೆ ಐದೂ ಕೊಡ್ಬೇಕಾಗಿತ್ತು" ಎಂದು ನನಗೇ ಸಮಾಧಾನ ಹೇಳಿದಳು. ಮೆಕ್ಯಾನಿಕ್ಕಿಗೆ ಎಂದು ಇಟ್ಟುಕೊಂಡ ದುಡ್ಡೂ ಸೇರಿ ಎಲ್ಲವೂ ಅಲ್ಲಿಗೇ ಹೋಯಿತು.

ದೊಡ್ಡಮಳೂರಿನ ದೇವಸ್ಥಾನದ ಮುಂದೆ ಗಾಡಿಗೆ ಪೂಜೆ ಮಾಡಿಸಿದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ದಾಟಿಸಿದ ಮೇಲೆ ಕಾರಿನ ಹಿಂದಿನ ಸೀಟಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಹೊಸ ಟವಲು. ಬಿಳಿ, ಅಂಚಿನಲ್ಲಿ ಹಸಿರು ಗೆರೆ.

"ಹತ್ತು ಸಾವಿರ ಉಳಿಸ್ಕೊಟ್ಟಿದ್ದಕ್ಕೆ ದಳ್ಳಾಳಿಗೆ ಕಮಿಷನ್ನು" ಅಂದಳು.

ಆ ಟವಲನ್ನು ನಾನು ಒಂದು ದಿನವೂ ಹೆಗಲ ಮೇಲೆ ಹಾಕಲಿಲ್ಲ. ಕಬ್ಬಿಣದ ಪೆಟ್ಟಿಗೆಯ ತಳಕ್ಕೆ ಹಾಕಿಟ್ಟೆ.

ತೋಟ ನನಗೆ ಸಿಕ್ಕಿತು. ಅಂದುಕೊಂಡ ಹಾಗೆಯೇ ಒಳ್ಳೆಯ ತೋಟ. ಆದರೆ ಮೊದಲ ಕಟಾವಿನ ದುಡ್ಡು ಬಂದಾಗ ಮನೆಯಲ್ಲಿ ಏನೋ ಖರ್ಚು, ಎರಡನೆಯದು ಬಂದಾಗ ಇನ್ನೇನೋ. ಕೊಡುವುದಾದರೂ ಯಾವ ಲೆಕ್ಕದಲ್ಲಿ ಕೊಡಲಿ? ಕೊಟ್ಟರೆ ಯಾಕೆ ಎಂದು ಕೇಳುತ್ತಾಳೆ. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಎಂದಿಗಿಂತ ಜೋರು ಸೀರೆ ತೆಗೆದುಕೊಂಡು ಹೋದೆ. ಅವಳು ಸೆರಗು ಬಿಡಿಸಿ ನೋಡಿ, "ಏನಣ್ಣ, ಲಾಟರಿ ಗೀಟರಿ ಹೊಡೀತಾ? ಅತ್ತಿಗೆಗೂ ಇಂಥದ್ದೇ ತಂದಿದ್ದೀಯ ತಾನೆ?" ಎಂದು ನಕ್ಕಳು. ನಾನು ಊಟಕ್ಕೂ ನಿಲ್ಲದೆ ಹೊರಟುಬಿಟ್ಟೆ.

ಒಂದು ದಿನ ತೋಟದಲ್ಲಿ ಗೊನೆ ಇಳಿಸುತ್ತಿದ್ದಾಗ ಗೌಡರು ಬಂದು ಬದುವಿನ ಮೇಲೆ ಕುಳಿತರು. ಅದು ಇದು ಮಾತಾಡುತ್ತಾ ನಗಾಡಿದರು.

"ಆ ಕಾರು ವ್ಯಾಪಾರದಾಗೆ ನಿಂಗೇನಾಗಿತ್ಲಾ? ನಾನು ನಾಕು ಹಿಡ್ದದ್ದು ನೀನು ಒಂದಕ್ಕೆ ತತ್ತೀಯ ಅಂತ. ನೀನು ಅಷ್ಟಕ್ಕೂ ಕುಲುಕ್ಬುಟ್ಟೆ! ನಿಮ್ಮಪ್ಪ ಇದ್ದಿದ್ರೆ ನನ್ ಕೈಯೇ ಮುರೀತಿದ್ದ."

ನಾನು ಇದ್ದದ್ದನ್ನೇ ಹೇಳಿದೆ. "ತೋಟದ ಆಸೆ ಗೌಡ್ರೆ."

ಅವರು ನಗುವುದನ್ನು ನಿಲ್ಲಿಸಿದರು. "ತೋಟಾನ ನಾನು ನಿನ್ ಮುಖ ನೋಡ್ದಾಗ್ಲೇ ಕೊಡಾನ ಅಂದ್ಕಂಡಿದ್ದೆ ಕಣಯ್ಯ. ನಿಮ್ಮಪ್ಪನ ಮೇಲಿನ ವಿಶ್ವಾಸಕ್ಕೆ. ಅದಕ್ಕೂ ಕಾರಿಗೂ ಏನ್ ಸಂಬಂಧ?"

ಹೇಗೂ ಸಿಗುವುದಿದ್ದ ತೋಟಕ್ಕಾಗಿ ನಾನು ತಂಗಿಯ ದುಡ್ಡನ್ನು ಬಿಟ್ಟುಕೊಟ್ಟಿದ್ದೆ. ತೋಟಕ್ಕಾಗಿ ಮಾಡಿದೆ ಎಂಬ ನೆಪವೂ ಆವತ್ತು ಹೋಯಿತು.

ಗಾಡಿ ತಂಗಿಯನ್ನು ಕೈಬಿಟ್ಟದ್ದು ಮುಂದಿನ ಮದುವೆ ಕಾಲದಲ್ಲಿ. ಮಾಗಡಿಯ ಹತ್ತಿರ ಒಂದು ಮದುವೆ, ಬೆಳಗಿನ ಮುಹೂರ್ತ. ರಾಮನಗರ ದಾಟಿ ಏರು ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಿತು. ರೇಡಿಯೇಟರಿನಲ್ಲಿ ನೀರೇ ಇರಲಿಲ್ಲ, ಬಿರುಕಿನಿಂದ ಸೋರಿಹೋಗಿತ್ತು. ಕತ್ತಲಿನ್ನೂ ಹರಿದಿರಲಿಲ್ಲ. ಹಾಲಿನ ಗಾಡಿಯೊಂದು ಸಿಗುವವರೆಗೆ ಪೆಟ್ಟಿಗೆಗಳನ್ನು ಹಿಡಿದು ರಸ್ತೆಯಲ್ಲಿ ನಿಂತಿದ್ದಳಂತೆ. ಛತ್ರ ಮುಟ್ಟಿದಾಗ ಹೆಣ್ಣು ಹಸೆಯ ಮೇಲೆ ಕುಳಿತಾಗಿತ್ತು. ಯಾರೋ ಅತ್ತಿಗೆ, ನಾದಿನಿಯರು ಸೇರಿಕೊಂಡು ಸೀರೆ ಉಡಿಸಿ, ತಲೆ ಬಾಚಿ, ಪೌಡರ್ ಹಚ್ಚಿದ್ದರು. ಹೆಣ್ಣಿನ ತಾಯಿ ಎಲ್ಲರ ಮುಂದೆ, "ನಮ್ ಮಗಳ ಜೀವನದಾಗೆ ಈ ದಿನ ಇನ್ನೊಂದ್ಸಲ ಬತ್ತದಾ?" ಎಂದು ಕೇಳಿದರಂತೆ. ಇವಳು ಅಡ್ವಾನ್ಸ್ ವಾಪಸು ಕೊಟ್ಟು ಬಂದಳು. ಆ ಮೇಲೆ ಮಾಗಡಿ ಕಡೆಯಿಂದ ಅವಳಿಗೆ ಬಹಳ ದಿನ ಕರೆ ಬರಲಿಲ್ಲ.

ಇದನ್ನೆಲ್ಲ ಅವಳೇ ನನಗೆ ಹೇಳಿದಳು, ನಮ್ಮ ಮನೆಯ ಹಿತ್ತಲಲ್ಲಿ ಕುಳಿತು. "ಮೆಕ್ಯಾನಿಕ್ ಅಂದ, ಇದು ಮುಂದ್ಗಡೆ ಏಟು ತಿಂದಿರೋ ಗಾಡಿ, ತಗೊಳೋವಾಗ ಯಾರೂ ನೋಡ್ಲಿಲ್ವಾ ಅಂತ. ನಮ್ಮಣ್ಣ ನೋಡವ್ನೆ, ಅವ್ನಿಗೇ ಕಾಣದಂಗೆ ಮುಚ್ಚಿದ್ರು ಅಂತ ಆ ಮೆಕ್ಯಾನಿಕ್‌ಗೇ ಬೈದು ಬಂದೆ."

ನಾನು ಎದ್ದು ಹಸುವಿಗೆ ಹುಲ್ಲು ಹಾಕಿದೆ.

ನಮ್ಮ ಕಡೆ ಅಣ್ಣನಾದವನು ತಂಗಿಯ ಹತ್ತಿರ ತಪ್ಪಾಯ್ತು ಅನ್ನುವುದು ವಾಡಿಕೆಯಿಲ್ಲ. ತಪ್ಪು ಮಾಡಿದರೆ ಸೀರೆ ತರುತ್ತೇವೆ, ಮೂಟೆ ರಾಗಿ ಕಳಿಸುತ್ತೇವೆ, ಅವಳ ಮಕ್ಕಳಿಗೆ ಬಟ್ಟೆ ಹೊಲಿಸುತ್ತೇವೆ. ಮಾತಿನಲ್ಲಿ ಮಾತ್ರ ಹೇಳುವುದಿಲ್ಲ. ನಮ್ಮಪ್ಪನೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಟವಲಿನ ಕೆಳಗೆ ವ್ಯಾಪಾರ ಮಾಡುವವರಿಗೆ ಎಲ್ಲವನ್ನೂ ಅಲ್ಲೇ ಮುಗಿಸುವ ಅಭ್ಯಾಸವಾಗುತ್ತದೋ ಏನೋ.

ತಂಗಿ ಆ ಗಾಡಿಗೆ ರೇಡಿಯೇಟರ್ ಬದಲಾಯಿಸಿದಳು, ಟೈರು ಹಾಕಿಸಿದಳು, ಒಂದೊಂದೇ ಸರಿಮಾಡಿಕೊಂಡು ಓಡಿಸಿದಳು. ಕನಕಪುರ ಕಡೆಯ ಕೆಲಸ ಹೆಚ್ಚಾಯಿತು. ಈ ವರ್ಷ ಅದನ್ನು ಕೊಟ್ಟು ಸ್ವಲ್ಪ ದೊಡ್ಡದನ್ನು ತೆಗೆದುಕೊಳ್ಳೋಣ ಅಂದುಕೊಂಡಳು. ನನಗೆ ಫೋನ್ ಬಂತು.

"ಅಣ್ಣ, ರಾಮನಗರಕ್ಕೆ ಹೋಗಿ ಗಾಡಿ ನೋಡ್ಬೇಕು. ಬಾ."

"ನಿಂಗೇ ಈಗ ಎಲ್ಲ ಗೊತ್ತಲ್ಲವ್ವ, ನಾನ್ಯಾಕೆ?"

"ರೇಟು ಮಾಡೋಕೆ ನೀನೇ ಬೇಕು. ಹೋದ್ಸಲ ಒಂದು ಬೆರಳಾದ್ರೂ ಮುರ್ದಿದ್ದೆ."

ಇಲ್ಲ ಅನ್ನಲಾಗಲಿಲ್ಲ.

ಹೆದ್ದಾರಿಯ ಪಕ್ಕದಲ್ಲಿ ತಗಡಿನ ಚಪ್ಪರದ ಕೆಳಗೆ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಲ್ಲಿನ ಬ್ರೋಕರು ನನಗಿಂತ ಹಿರಿಯ. ಮುಂಚೆ ಎತ್ತು ಮಾಡುತ್ತಿದ್ದವನಂತೆ, ಈಗ ಕಾರು. "ಬಾಲ ಮುಟ್ಟಿ ನೋಡ್ತಿದ್ದೆ, ಈಗ ಸೈಲೆನ್ಸರ್ ಮುಟ್ಟಿ ನೋಡ್ತೀನಿ, ಅಷ್ಟೇ ವ್ಯತ್ಯಾಸ" ಅಂದ. ನಾನು ದಳ್ಳಾಳಿಯ ಮಗ ಎಂದು ತಂಗಿ ಹೇಳಿದ್ದೇ ತಡ, ಅವನ ಮುಖ ಅರಳಿತು. ಕಾಫಿ ತರಿಸಲು ಹೊರಟ. ತಂಗಿ ಬೇಡ ಅಂದಳು. ಒಂದು ಬಿಳಿ ಕಾರು ಅವಳ ಮನಸ್ಸಿಗೆ ಬಂದಿತ್ತು. ಬ್ರೋಕರು ಹೆಗಲ ಮೇಲಿನ ಟವಲು ತೆಗೆದು ಕೊಡವಿದ.

"ಹಂಗಾದ್ರೆ ಹಳೇ ಪದ್ಧತೀಲೇ ಆಗ್ಲಿ. ಕೊಡಿ ಕೈ."

ತಂಗಿ ನನ್ನನ್ನು ಮುಂದಕ್ಕೆ ತಳ್ಳಿದಳು. "ಹೋಗಣ್ಣ."

ನಾನು ಕೈ ಕೊಟ್ಟೆ. ಟವಲು ಮೇಲೆ ಬಿತ್ತು. ಕತ್ತಲೆಯಲ್ಲಿ ಅವನ ಒರಟು ಬೆರಳುಗಳು ನನ್ನ ಬೆರಳುಗಳನ್ನು ಹುಡುಕಿದವು. ತಂಗಿ ಆವತ್ತಿನ ಹಾಗೆಯೇ ಕಂಬಕ್ಕೆ ಒರಗಿ ಟವಲನ್ನೇ ನೋಡುತ್ತಿದ್ದಳು. ಈ ಸಲ ನಾನು ನಿಜವಾಗಿಯೂ ಬೆರಳು ಮುರಿಯಬಹುದಿತ್ತು, ಮುರಿಯುತ್ತಿದ್ದೆ. ಆದರೆ ಮುರಿದರೂ ಅವಳಿಗೆ ಕಾಣಿಸುವುದಿಲ್ಲ, ಮುರಿಯದಿದ್ದರೂ ಕಾಣಿಸುವುದಿಲ್ಲ. ನನ್ನ ಬಾಯಿಂದ ಬಂದದ್ದನ್ನು ನಂಬಬೇಕು ಅಷ್ಟೇ. ನಾನು ಕೈ ಎಳೆದುಕೊಂಡೆ. ಟವಲು ನೆಲಕ್ಕೆ ಬಿತ್ತು.

"ಬಾಯಲ್ಲೇ ಆಡಿ. ಅವ್ಳಿಗೂ ಕೇಳ್ಲಿ" ಅಂದೆ.

"ಯಾಕಣ್ಣ?"

"ಆವತ್ತು ಗೌಡ್ರು ಐದು ಹಿಡೀಲಿಲ್ಲ ಕಣಮ್ಮಿ. ನಾಕು ಹಿಡ್ದಿದ್ರು. ನಾನು ಒಂದೂ ಮುರೀಲಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಬೋಲ್ಟಿನ ಗುರುತು, ವೆಲ್ಡಿಂಗು, ಬಾಡೂಟ, ತೋಟ. ಬ್ರೋಕರು ಟವಲು ಎತ್ತಿಕೊಂಡು ಅವಳ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿದ.

"ಏನಮ್ಮ, ಅಣ್ಣ ತಂಗಿ ಜಗಳ ಆಡ್ಕಂಡು ರೇಟು ಇಳಿಸೋ ಹೊಸ ಐಡಿಯಾನಾ ಇದು?"

ಅವಳು ಅವನ ಕಡೆ ತಿರುಗಲಿಲ್ಲ. "ಬೋಲ್ಟು ನೋಡಿದ್ದಾ ನೀನು?"

"ನೋಡಿದ್ದೆ."

"ಎಡಕ್ಕೆ ಎಳೀತದೆ ಅಂತ ನಾನು ಕೇಳ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ನಾನ್ ಕೊಟ್ಟ ಟವಲ್ಲು?"

"ಪೆಟ್ಟಿಗೇಲೈತೆ. ಹಾಕ್ಕಂಡಿಲ್ಲ."

ಅವಳ ಕಣ್ಣು ತುಂಬಿತು, ಹನಿ ಬೀಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬ್ರೋಕರಿನ ಕಡೆ ತಿರುಗಿದಳು. ಆಮೇಲಿನ ಮುಕ್ಕಾಲು ಗಂಟೆ ನನ್ನ ಕಡೆ ನೋಡಲೇ ಇಲ್ಲ.

ಮೊದಲು ಬಿಳಿ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟಳು. "ಬೆಚ್ಚಗೈತೆ. ನಾವು ಬರೋಕ್ಮುಂಚೆ ಸ್ಟಾರ್ಟ್ ಮಾಡಿ ಮಡಗಿದ್ದೀರ. ತಣ್ಣಗಾಗ್ಲಿ, ಆಮೇಲೆ ನಾನೇ ಸ್ಟಾರ್ಟ್ ಮಾಡ್ತೀನಿ" ಅಂದಳು. ಬೋಲ್ಟು ಒಂದೊಂದನ್ನೂ ಮೊಬೈಲಿನ ಬೆಳಕು ಹಾಕಿ ನೋಡಿದಳು. ತನ್ನ ಹಳೆಯ ಗಾಡಿಯನ್ನು ತಾನೇ ತೋರಿಸಿ, "ಇದು ಮುಂದ್ಗಡೆ ಏಟು ತಿಂದೈತೆ. ರೇಡಿಯೇಟರ್ ಹೊಸದು ಹಾಕ್ಸಿದ್ದೀನಿ. ಮುಂದೆ ತಗೊಳೋರಿಗೂ ಇದ್ನ ಹೇಳೇ ಕೊಡಿ" ಅಂದಳು.

"ಹಿಂಗೆ ಹೇಳಿ ಮಾರೋರ್ನ ನಾನು ನೋಡೇ ಇಲ್ಲ ಕಣಮ್ಮ. ನನ್ ಹೊಟ್ಟೆ ಮೇಲೆ ಹೊಡೀಬೇಡಿ."

"ನಿಮ್ ಹೊಟ್ಟೆ ಹೆದ್ದಾರಿಗಂಟ ಬಂದೈತೆ, ಒಸಿ ಹೊಡೆದ್ರೆ ಏನಾಗಕ್ಕಿಲ್ಲ. ರೇಟು ಹೇಳಿ."

ಅವನು ಹೇಳಿದ. ಅವಳು ನಗಲಿಲ್ಲ, ಹೊರಟಂತೆಯೂ ಮಾಡಲಿಲ್ಲ. ತನ್ನ ರೇಟು ಹೇಳಿ, ಯಾಕೆ ಎಂದು ಕಾರಣ ಹೇಳಿ, ಸುಮ್ಮನೆ ನಿಂತಳು. ಅವನು ಮಾತಾಡಿ ಮಾತಾಡಿ ತಾನೇ ಇಳಿದ. ನಾನು ಇಷ್ಟು ವರ್ಷ ಮಾಡಿದ ಚೌಕಾಸಿಯಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಅವಳಿಗೆ ನನ್ನ ಅಗತ್ಯ ಮೊದಲ ಸಲವೂ ಇರಲಿಲ್ಲವೇನೋ, ಅಣ್ಣ ಜೊತೆಗಿರಲಿ ಎಂದಷ್ಟೇ ಕರೆದಿದ್ದಳೇನೋ ಅನ್ನಿಸಿತು. ರೇಟು ಮುಗಿದ ಮೇಲೆ, "ಈಗ ತರ್ಸಿ ಕಾಫಿ" ಅಂದಳು. ಮೂರು ಕಾಫಿ ಬಂತು. ನನ್ನ ಲೋಟವನ್ನು ಅವಳೇ ತಂದು ಕೊಟ್ಟಳು.

ಹಳೆಯ ಗಾಡಿಯಲ್ಲೇ ವಾಪಸು ಹೊರಟೆವು, ಪೇಪರು ಆಗುವವರೆಗೆ ಅದು ಅವಳದ್ದೇ. ಚನ್ನಪಟ್ಟಣ ಬಂದಾಗ ಅವಳು ಮನೆಗೆ ತಿರುಗದೆ ನನ್ನನ್ನು ನಮ್ಮ ಊರಿನ ದಾರಿಯವರೆಗೂ ಬಿಡಲು ಬಂದಳು. ತಿರುವಿನಲ್ಲಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

"ಮಾಗಡಿ ರಸ್ತೇಲಿ ನಿಂತಿದ್ನಲ್ಲ, ಆವಾಗ್ಲೂ ನಂಗೆ ಸಿಟ್ಟು ಬರ್ಲಿಲ್ಲ. ನಮ್ಮಣ್ಣ ಕೈಲಾದ್ದು ಮಾಡಿದ್ದ, ನನ್ ಗ್ರಹಚಾರ ಅಂದ್ಕಂಡೆ. ಈವತ್ತು ನೀನು ಎಲ್ಲಾನೂ ಹೇಳ್ದೆ. ಬೋಲ್ಟು ಹೇಳ್ದೆ, ತೋಟ ಹೇಳ್ದೆ, ಬಾಡೂಟ ಹೇಳ್ದೆ. ಆ ಒಂದು ಮಾತು ಮಾತ್ರ ನಿನ್ ಬಾಯಿಂದ ಬರ್ಲಿಲ್ಲ ನೋಡು."

ನಾನು ಇಳಿದೆ. ಬಾಗಿಲು ಹಾಕಿ ನಾಲ್ಕು ಹೆಜ್ಜೆ ನಡೆದೆ. ಈ ಗೌರಿ ಹಬ್ಬಕ್ಕೆ ಯಾವ ಸೀರೆ ತರಲಿ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಗಾಡಿ ಹೊರಡುವ ಸದ್ದು ಕೇಳಲಿಲ್ಲ. ಹಿಂತಿರುಗಿ ನೋಡಿದರೆ ಅವಳು ಹಾಗೇ ಕುಳಿತಿದ್ದಳು, ಕಿಟಕಿಯ ಗಾಜು ಇಳಿಸಿಕೊಂಡು. ನಾನು ವಾಪಸು ಹೋಗಿ ಕಿಟಕಿಯ ಮೇಲೆ ಎರಡೂ ಕೈ ಇಟ್ಟೆ, ಅವಳಿಗೆ ಕಾಣುವ ಹಾಗೆ.

"ತಪ್ಪಾಯ್ತು ಕಣಮ್ಮಿ. ನೀನು ನನ್ನ ನಂಬಿ ಕರ್ಕಂಡು ಹೋದೆ, ನಿನ್ ದು​ಡ್ಡಲ್ಲಿ ನಾನು ನನ್ ವ್ಯಾಪಾರ ಮಾಡ್ಕಂಡೆ. ತಪ್ಪಾಯ್ತು."